ಸೂಜಿ ಇಲ್ಲದ ಶುಗರ್ ಟೆಸ್ಟ್: ಮೈಕ್ರೋವೇವ್ ಅಳೆಯೋದು ಸಕ್ಕರೆಯನ್ನೋ, ನಮ್ಮ ಆಸೆಯನ್ನೋ?

ಕಳೆದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಮ್ಮನ ಕೈಯಲ್ಲಿ ಹೊಸ ವಾಚ್ ಇತ್ತು. ಮಗ ಆನ್‌ಲೈನ್‌ನಲ್ಲಿ ಎರಡು ಸಾವಿರ ಚಿಲ್ಲರೆಗೆ ತರಿಸಿಕೊಟ್ಟಿದ್ದು. ಹೆಜ್ಜೆ ಎಣಿಸುತ್ತೆ, ಬಿಪಿ ತೋರಿಸುತ್ತೆ, ಶುಗರ್ ಕೂಡ ತೋರಿಸುತ್ತೆ. ಹನ್ನೆರಡು ವರ್ಷದಿಂದ ಚುಚ್ಚಿಕೊಂಡು ಚುಚ್ಚಿಕೊಂಡು ಬೆರಳ ತುದಿಯೆಲ್ಲ ಗಡುಸಾಗಿರೋ ದೊಡ್ಡಮ್ಮನಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಬೇಕಾ? ಒಬ್ಬಟ್ಟು ತಿನ್ನೋ ಮುಂಚೆ ವಾಚ್ ನೋಡಿಕೊಂಡರು: 112. ಎರಡು ಒಬ್ಬಟ್ಟು, ಮೇಲೆ ತುಪ್ಪ, ಆಮೇಲೆ ಅನ್ನ, ಒಬ್ಬಟ್ಟಿನ ಸಾರು. ಒಂದೂವರೆ ಗಂಟೆ ಕಳೆದ ಮೇಲೆ ಮತ್ತೆ ನೋಡಿದರು: 116. "ನೋಡೋ, ಏನೂ ಏರಿಲ್ಲ. ಇನ್ನೊಂದು ಹಾಕು" ಅಂದರು.

ಅನುಮಾನ ಬಂದು ಹಳೇ ಗ್ಲುಕೋಮೀಟರ್ ಹುಡುಕಿ ತೆಗೆದು ಬೆರಳು ಚುಚ್ಚಿದೆವು. 271. ಆಮೇಲೆ ತಮಾಷೆಗೆ ಅಂತ ಅದೇ ವಾಚನ್ನು ಸುರುಳಿ ಸುತ್ತಿದ ಟವೆಲ್ಲಿಗೆ ಕಟ್ಟಿದೆವು. ಟವೆಲ್ಲಿನ ಶುಗರ್ 109 ಅಂತ ಬಂತು. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಎರಡು ತಿಂಗಳಿಂದ ಆ ವಾಚನ್ನು ನಂಬಿಕೊಂಡು ಅವರು ಬೆರಳು ಚುಚ್ಚೋದನ್ನೇ ನಿಲ್ಲಿಸಿಬಿಟ್ಟಿದ್ದರು.

ಆ ವಾಚಿನೊಳಗೆ ಇದ್ದದ್ದು ನಾಡಿಬಡಿತ ಎಣಿಸೋ ಹಸಿರು ದೀಪ, ಜೊತೆಗೆ ಒಂದಿಷ್ಟು ಸುಳ್ಳು. ಹಾಗಂತ ಸೂಜಿ ಚುಚ್ಚದೆ ಶುಗರ್ ಅಳೆಯೋ ಪ್ರಯತ್ನವೇ ಸುಳ್ಳು ಅಂತಲ್ಲ. ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ದಶಕಗಳಿಂದ ಈ ಕೆಲಸ ನಡೀತಾ ಇದೆ. ಅದರಲ್ಲಿ ಗಂಭೀರವಾದ ದಾರಿಗಳಲ್ಲಿ ಒಂದು ಮೈಕ್ರೋವೇವ್. ಇದು ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಎಡವುತ್ತೆ, ನಾಳೆ ಅಂಗಡಿಗೆ ಬಂದಾಗ ನಾವು ಏನು ಕೇಳಬೇಕು ಅನ್ನೋದನ್ನು ಈಗಲೇ ತಿಳಿದಿಟ್ಟುಕೊಳ್ಳೋದು ಒಳ್ಳೇದು. ಯಾಕಂದ್ರೆ ತಪ್ಪು ನಂಬರಿನ ಬೆಲೆ ತೆರೋದು ಕಂಪನಿ ಅಲ್ಲ, ಅದನ್ನು ಕಟ್ಟಿಕೊಂಡವರು.

ಹತ್ತು ಕೋಟಿ ಜನರ ಬೆರಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ವಯಸ್ಕರಲ್ಲಿ ಶೇ 11.4ರಷ್ಟು. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಶ್ರೀಮಂತರ ಕಾಯಿಲೆ ಅನ್ನೋ ಮಾತು ಯಾವತ್ತೋ ಹಳತಾಯಿತು. ಆಟೋ ಓಡಿಸೋರು, ಗಾರ್ಮೆಂಟ್ಸ್‌ಗೆ ಹೋಗೋರು, ಕೂಲಿ ಮಾಡೋರು ಎಲ್ಲರ ಮನೆಯಲ್ಲೂ ಈಗ "ಶುಗರ್ ಇದೆ".

ಇನ್ಸುಲಿನ್ ತಗೊಳ್ಳೋರು ದಿನಕ್ಕೆ ಹಲವು ಸಲ ಬೆರಳು ಚುಚ್ಚಿಕೊಳ್ಳಬೇಕು. ಟೈಪ್ 1 ಇರೋ ಮಗುವಿಗೆ ಅದು ಶಾಲೆಯ ಬೆಲ್ ಥರ, ದಿನಾ ಇರುತ್ತೆ, ರಜೆ ಇಲ್ಲ. ಸ್ಟ್ರಿಪ್ ಒಂದಕ್ಕೆ ಹದಿನೈದು ರೂಪಾಯಿ ಅಂತಿಟ್ಟುಕೊಂಡರೂ ದಿನಕ್ಕೆ ಎರಡು ಸಲ ಅಂದ್ರೆ ತಿಂಗಳಿಗೆ 900 ರೂಪಾಯಿ. ತೋಳಿಗೆ ಅಂಟಿಸಿಕೊಂಡು ಎರಡು ವಾರ ಸತತವಾಗಿ ಅಳೆಯೋ ಸೆನ್ಸರ್‌ಗಳು ಬಂದಿವೆ ನಿಜ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಅವಕ್ಕೂ ಚರ್ಮದೊಳಗೆ ಕೂದಲೆಳೆಯಂಥ ಒಂದು ತಂತು ಹೋಗಲೇಬೇಕು, ಮತ್ತೆ ಒಂದೊಂದಕ್ಕೂ ಸಾವಿರಾರು ರೂಪಾಯಿ. ಹಾಗಾಗಿ ನಮ್ಮಲ್ಲಿ ಬಹಳಷ್ಟು ಜನ ಮಾಡೋದೇನು? ಟೆಸ್ಟೇ ಮಾಡಿಸಲ್ಲ. ಕಾಲು ಜೋಮು ಹಿಡಿದಾಗ, ಗಾಯ ಮಾಯದಿದ್ದಾಗ, ಕಣ್ಣು ಮಂಜಾದಾಗ ಆಸ್ಪತ್ರೆಗೆ ಹೋಗ್ತಾರೆ.

ಅಂದ್ರೆ ಸೂಜಿ ಇಲ್ಲದ, ಸ್ಟ್ರಿಪ್ ಖರ್ಚಿಲ್ಲದ ಅಳತೆ ಬಂದರೆ ಅದು ಬರೀ ಅನುಕೂಲದ ಮಾತಾಗಿರಲ್ಲ, ನ್ಯಾಯದ ಮಾತಾಗುತ್ತೆ. ಆ ಆಸೆಯನ್ನು ಯಾರೂ ಹಗುರವಾಗಿ ನೋಡಬಾರದು. ಆ ಆಸೆಯನ್ನೇ ಬಂಡವಾಳ ಮಾಡಿಕೊಳ್ಳೋರನ್ನೂ ಹಗುರವಾಗಿ ನೋಡಬಾರದು.

ಸ್ಟ್ರಿಪ್ ಹೇಗೆ ಕಂಡುಹಿಡಿಯುತ್ತೆ?

ಮೈಕ್ರೋವೇವಿನ ಕಷ್ಟ ಅರ್ಥ ಆಗಬೇಕಾದರೆ ಮೊದಲು ಈಗಿನ ಸ್ಟ್ರಿಪ್ಪಿನ ಜಾಣತನ ಗೊತ್ತಿರಬೇಕು. ರಕ್ತದಲ್ಲಿ ಉಪ್ಪು, ಪ್ರೋಟೀನ್, ಕೊಬ್ಬು, ಹಾರ್ಮೋನು, ನೂರೆಂಟು ಪದಾರ್ಥಗಳಿವೆ. ಅಷ್ಟರ ಮಧ್ಯೆ ಗ್ಲುಕೋಸನ್ನು ಮಾತ್ರ ಹೆಕ್ಕಿ ಎಣಿಸೋದು ಹೇಗೆ? ಇದಕ್ಕೆ ಸಿಕ್ಕ ಉಪಾಯ ಕಿಣ್ವ. ಗ್ಲುಕೋಸ್ ಆಕ್ಸಿಡೇಸ್ ಅನ್ನೋ ಕಿಣ್ವ ಹೆಚ್ಚುಕಡಿಮೆ ಗ್ಲುಕೋಸ್ ಜೊತೆ ಮಾತ್ರ ವರ್ತಿಸುತ್ತೆ, ಬೀಗಕ್ಕೆ ಅದರದ್ದೇ ಕೀಲಿಕೈ ಇದ್ದ ಹಾಗೆ. ಆ ವರ್ತನೆಯಿಂದ ಹುಟ್ಟೋ ಸಣ್ಣ ವಿದ್ಯುತ್ ಪ್ರವಾಹವನ್ನು ಅಳೆದರೆ ಗ್ಲುಕೋಸ್ ಎಷ್ಟಿದೆ ಅಂತ ಗೊತ್ತಾಗುತ್ತೆ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ಈ ದಾರಿ ತೋರಿಸಿದರು. ಇವತ್ತು ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಸ್ಟ್ರಿಪ್ಪುಗಳೂ, ತೋಳಿಗೆ ಅಂಟಿಸೋ ಸೆನ್ಸರ್‌ಗಳೂ ಕಿಣ್ವದ ಈ ಉಪಾಯದ ಮೇಲೆಯೇ ನಿಂತಿವೆ.

ಅಲ್ಲಿ ಸಕ್ಕರೆಯನ್ನು ಗುರುತು ಹಿಡಿಯೋಕೆ ಒಬ್ಬ ಸಾಕ್ಷಿ ಇದ್ದಾನೆ. ಅದಕ್ಕೇ ಸೂಜಿ ಬೇಕಾಗಿರೋದು, ಕಿಣ್ವ ಗ್ಲುಕೋಸನ್ನು ಮುಟ್ಟಬೇಕಲ್ವಾ? ಮೈಕ್ರೋವೇವ್ ವಿಧಾನದಲ್ಲಿ ಈ ಸಾಕ್ಷಿ ಇಲ್ಲ. ಮುಂದಿನ ತೊಂದರೆಗಳೆಲ್ಲ ಶುರುವಾಗೋದು ಇಲ್ಲಿಂದಲೇ.

ನೀರಿನ ಕುಣಿತ

ನಮ್ಮ ದೇಹದ ಬಹುಪಾಲು ನೀರು. ನೀರಿನ ಅಣುವಿನ ಒಂದು ತುದಿಗೆ ಕೊಂಚ ಧನ ವಿದ್ಯುತ್ತು, ಇನ್ನೊಂದು ತುದಿಗೆ ಕೊಂಚ ಋಣ ವಿದ್ಯುತ್ತು. ಹಾಗಾಗಿ ವಿದ್ಯುತ್ ಕ್ಷೇತ್ರ ಯಾವ ಕಡೆ ತಿರುಗಿದರೆ ಆ ಕಡೆ ಅದೂ ತಿರುಗೋಕೆ ನೋಡುತ್ತೆ. ಮೈಕ್ರೋವೇವ್ ಅಂದ್ರೆ ಸೆಕೆಂಡಿಗೆ ಕೋಟಿಗಟ್ಟಲೆ ಸಲ ದಿಕ್ಕು ಬದಲಿಸೋ ವಿದ್ಯುತ್ಕಾಂತೀಯ ಅಲೆ. ಅಡುಗೆಮನೆಯ ಓವನ್ನಿನಲ್ಲಿ ಅದು ಸೆಕೆಂಡಿಗೆ 245 ಕೋಟಿ ಸಲ. ವೈಫೈ ಕೂಡ ಹೆಚ್ಚುಕಡಿಮೆ ಅದೇ ಆಸುಪಾಸಿನದ್ದು. ಅಲೆ ಬಂದ ಕಡೆಯಲ್ಲೆಲ್ಲ ನೀರಿನ ಅಣುಗಳು ತಾಳಕ್ಕೆ ಸರಿಯಾಗಿ ಕುಣಿಯೋಕೆ ಶುರು ಮಾಡುತ್ತವೆ.

ಇಲ್ಲೊಂದು ಭಯ ಸಹಜ. ಓವನ್ ಅನ್ನ ಬಿಸಿ ಮಾಡುತ್ತೆ, ಹಾಗಾದ್ರೆ ಈ ಸೆನ್ಸರ್ ಕೈ ಸುಡಲ್ವಾ? ಸುಡಲ್ಲ. ಓವನ್ನಿನದು ಸಾವಿರ ವ್ಯಾಟಿನ ಹತ್ತಿರದ ಲೆಕ್ಕ, ಸೆನ್ಸರಿನದು ಮಿಲಿವ್ಯಾಟಿನ ಲೆಕ್ಕ. ಜೇಬಿನಲ್ಲಿರೋ ಮೊಬೈಲಿಗಿಂತ ಹೆಚ್ಚಿನ ಆತಂಕಕ್ಕೆ ಇಲ್ಲಿ ಕಾರಣವಿಲ್ಲ.

ಈಗ ಆ ನೀರಿಗೆ ಗ್ಲುಕೋಸ್ ಸೇರಿಸಿ. ಗ್ಲುಕೋಸ್ ಅಣು ದಪ್ಪನೆಯದು, ಸುತ್ತಲಿನ ನೀರಿನ ಅಣುಗಳನ್ನು ಕೈಹಿಡಿದು ನಿಲ್ಲಿಸಿಕೊಳ್ಳೋ ಸ್ವಭಾವದ್ದು. ಕೋಲಾಟ ಆಡ್ತಿರೋ ಗುಂಪಿನ ಮಧ್ಯೆ ಒಬ್ಬ ದಡೂತಿ ಆಸಾಮಿ ಬಂದು ನಾಲ್ಕೈದು ಜನರ ಭುಜ ಹಿಡಿದುಕೊಂಡು ಮಾತಿಗೆ ನಿಂತ ಹಾಗೆ. ಆ ನಾಲ್ಕೈದು ಜನರ ಕುಣಿತ ನಿಧಾನವಾಗುತ್ತೆ. ಒಟ್ಟು ಗುಂಪಿನ ಲಯವೂ ಕೊಂಚ ಬದಲಾಗುತ್ತೆ. ಅಲೆ ಈ ನೀರನ್ನು ಹಾದು ಬಂದಾಗ, ಇಲ್ಲವೇ ಅದರಿಂದ ಪುಟಿದು ಬಂದಾಗ, ಆ ಬದಲಾವಣೆಯ ಗುರುತನ್ನು ಹೊತ್ತು ತರುತ್ತೆ. ಅದನ್ನು ಓದಿದರೆ ಒಳಗೆ ಎಷ್ಟು ಸಕ್ಕರೆ ಇದೆ ಅಂತ ಲೆಕ್ಕ ಹಾಕಬಹುದು. ಇದು ಮೂಲ ತತ್ವ. ತತ್ವದಲ್ಲಿ ಯಾವ ಮೋಸವೂ ಇಲ್ಲ.

ಓದೋದು ಹೇಗೆ? ಜಲತರಂಗ ನೆನಪಿಸಿಕೊಳ್ಳಿ. ಪಿಂಗಾಣಿ ಬಟ್ಟಲಿಗೆ ನೀರು ತುಂಬಿಸಿ ತಟ್ಟಿದರೆ ಒಂದು ಸ್ವರ ಬರುತ್ತೆ. ನೀರು ಹೆಚ್ಚುಕಡಿಮೆ ಮಾಡಿದರೆ ಸ್ವರ ಬದಲಾಗುತ್ತೆ. ಮೈಕ್ರೋವೇವ್ ಸೆನ್ಸರಿನ ಮುಖ್ಯ ಭಾಗ ಇಂಥದ್ದೇ ಒಂದು 'ಬಟ್ಟಲು'. ಉಂಗುರದ ಆಕಾರದಲ್ಲೋ, ಪಟ್ಟಿಯ ಆಕಾರದಲ್ಲೋ ತಾಮ್ರ ಅಚ್ಚು ಹಾಕಿದ ಒಂದು ಸಣ್ಣ ಬೋರ್ಡು. ಇದಕ್ಕೆ ತನ್ನದೇ ಆದ ಒಂದು ಸ್ವರ, ಅಂದರೆ ಒಂದು ನಿಗದಿತ ಫ್ರೀಕ್ವೆನ್ಸಿ ಇರುತ್ತೆ. ಅದರ ಮೇಲೆ ಬೆರಳಿಟ್ಟರೆ ಸ್ವರ ಜಾರುತ್ತೆ. ಎಷ್ಟು ಜಾರಿತು, ಎಷ್ಟು ಮಂಕಾಯಿತು ಅನ್ನೋದನ್ನು ಅಳೆಯೋದೇ ಇಲ್ಲಿನ ಕೆಲಸ.

ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆ

ಕಷ್ಟ ಇರೋದು ಪ್ರಮಾಣದಲ್ಲಿ. ಶುಗರ್ 100 ಅಂದ್ರೆ ಒಂದು ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ. ಲೀಟರಿಗೆ ಒಂದು ಗ್ರಾಂ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಅಂದುಕೊಂಡರೆ, ಅಷ್ಟೂ ರಕ್ತದಲ್ಲಿರೋ ಸಕ್ಕರೆ ಐದು ಗ್ರಾಂ. ಒಂದು ಟೀ ಚಮಚ. 100 ಇದ್ದದ್ದು 200 ಆದರೆ ಇನ್ನೊಂದು ಚಮಚ ಸೇರಿತು ಅಷ್ಟೆ. ಒಂದು ಲೋಟ ನೀರಿನ ಲೆಕ್ಕದಲ್ಲಿ ಹೇಳೋದಾದರೆ 0.2 ಗ್ರಾಂ, ಒಂದು ಸಣ್ಣ ಚಿಟಿಕೆ. ಜಲತರಂಗದ ಬಟ್ಟಲಿಗೆ ಆ ಚಿಟಿಕೆ ಹಾಕಿ, ಸ್ವರ ಎಷ್ಟು ಬದಲಾಯಿತು ಅಂತ ಕೇಳಿಸಿಕೊಳ್ಳಬೇಕು. ಅದೂ ಸಂತೆಯ ಗದ್ದಲದ ಮಧ್ಯೆ.

ಗದ್ದಲ ಎಷ್ಟು ಅನ್ನೋದಕ್ಕೆ ಒಂದು ಉದಾಹರಣೆ. ವಿದ್ಯುತ್ ಕ್ಷೇತ್ರಕ್ಕೆ ಒಂದು ಪದಾರ್ಥ ಎಷ್ಟು ಸ್ಪಂದಿಸುತ್ತೆ ಅನ್ನೋದಕ್ಕೆ ಪರ್ಮಿಟಿವಿಟಿ ಅನ್ನೋ ಅಳತೆ ಇದೆ. 20 ಡಿಗ್ರಿಯ ನೀರಿಗೆ ಅದು ಸುಮಾರು 80. ಅದೇ ನೀರು 25 ಡಿಗ್ರಿಗೆ ಬಂದರೆ ಸುಮಾರು 78. ಅಂದ್ರೆ ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು ಅರ್ಧ ಪರ್ಸೆಂಟ್ ಇಳಿಯುತ್ತೆ. ಶುಗರ್ 100ರಿಂದ 200ಕ್ಕೆ ಏರಿದಾಗ ಆಗೋ ಬದಲಾವಣೆ ಇದಕ್ಕಿಂತಲೂ ಚಿಕ್ಕದು. ನೀವು ಬಿಸಿಲಿನಿಂದ ಒಳಗೆ ಬಂದಿರಿ, ತಣ್ಣೀರಲ್ಲಿ ಕೈ ತೊಳೆದಿರಿ, ಎಸಿ ಬಸ್ ಹತ್ತಿದಿರಿ ಅಂದುಕೊಳ್ಳಿ. ಚರ್ಮದ ಬಿಸಿ ಒಂದೆರಡು ಡಿಗ್ರಿ ಆಚೀಚೆ ಆಗೇ ಆಗುತ್ತೆ. ಸೆನ್ಸರಿಗೆ ಅದು ಒಬ್ಬಟ್ಟು ತಿಂದದ್ದಕ್ಕಿಂತ ಜೋರಾಗಿ ಕೇಳಿಸುತ್ತೆ.

ಬಿಸಿ ಒಂದೇ ಅಲ್ಲ. ಬೆವರು ಉಪ್ಪುನೀರು, ಅದೂ ಸ್ವರ ಕೆಡಿಸುತ್ತೆ. ಬೆರಳನ್ನು ಗಟ್ಟಿಯಾಗಿ ಒತ್ತಿದರೆ ರಕ್ತ ಪಕ್ಕಕ್ಕೆ ಸರಿಯುತ್ತೆ, ಓದುವಿಕೆ ಬದಲಾಗುತ್ತೆ. ನೀರು ಕಡಿಮೆ ಕುಡಿದಿದ್ದರೆ ಒಂದು ಥರ, ಜಾಸ್ತಿ ಕುಡಿದಿದ್ದರೆ ಇನ್ನೊಂದು ಥರ. ಇನ್ನು ಚರ್ಮದ ಕೆಳಗಿನ ಕೊಬ್ಬು. ಓವನ್ನಿನ ಫ್ರೀಕ್ವೆನ್ಸಿಯ ಹತ್ತಿರ ಸ್ನಾಯುವಿನ ಪರ್ಮಿಟಿವಿಟಿ 50ಕ್ಕಿಂತ ಹೆಚ್ಚು, ಕೊಬ್ಬಿನದ್ದು 5ರ ಆಸುಪಾಸು. ಹತ್ತು ಪಟ್ಟು ವ್ಯತ್ಯಾಸ. ಕೊಬ್ಬಿನ ಪದರ ಒಂದು ಮಿಲಿಮೀಟರ್ ದಪ್ಪ ಇದೆಯೋ ಐದು ಮಿಲಿಮೀಟರ್ ಇದೆಯೋ ಅನ್ನೋದರ ಮುಂದೆ ಚಿಟಿಕೆ ಸಕ್ಕರೆಯ ಸದ್ದು ಏನೇನೂ ಅಲ್ಲ.

ಹಾಗಾಗಿ "ಮೈಕ್ರೋವೇವ್ ಗ್ಲುಕೋಸನ್ನು ಗುರುತಿಸಬಲ್ಲದು" ಅನ್ನೋ ಸುದ್ದಿ ಓದಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲಿ? ಗಾಜಿನ ಬೀಕರಿನಲ್ಲಿ ಸಕ್ಕರೆ ನೀರಿಟ್ಟು, ಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಂಡು ಮಾಡಿದರೆ ಖಂಡಿತ ಗುರುತಿಸುತ್ತೆ. ಅಂಥ ಪ್ರಬಂಧಗಳು ಸಾಲುಸಾಲಾಗಿವೆ. ಬೀಕರ್ ಬೆವರಲ್ಲ, ನಡೆಯಲ್ಲ, ಊಟ ಮಾಡಲ್ಲ. ಮನುಷ್ಯ ಮಾಡ್ತಾನೆ.

ಸಂಶೋಧಕರು ಸುಮ್ಮನೆ ಕೂತಿಲ್ಲ

ಈ ಕಷ್ಟಗಳೆಲ್ಲ ಈ ಕ್ಷೇತ್ರದಲ್ಲಿ ದುಡಿಯೋರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸೆನ್ಸರಿನ ತಾಮ್ರದ ಗೆರೆಗಳನ್ನೇ ಕೈಯ ರಕ್ತನಾಳಗಳ ಆಕಾರಕ್ಕೆ ಹೊಂದಿಸಿತ್ತು. ಅಲೆಯ ಶಕ್ತಿ ಚರ್ಮ, ಕೊಬ್ಬಿನಲ್ಲಿ ಹರಡಿಹೋಗದೆ ರಕ್ತ ಇರೋ ಕಡೆಗೇ ಹೋಗಲಿ ಅನ್ನೋದು ಉದ್ದೇಶ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಪುಟ್ಟ ರೇಡಾರ್ ಚಿಪ್ ಬಳಸಿ ಇದೇ ಪ್ರಯತ್ನ ನಡೀತಿದೆ. ಒಂದೇ ಫ್ರೀಕ್ವೆನ್ಸಿಯ ಬದಲು ಹಲವು ಫ್ರೀಕ್ವೆನ್ಸಿಗಳಲ್ಲಿ ಓದೋದು, ಪಕ್ಕದಲ್ಲೇ ಬಿಸಿ ಮತ್ತು ಬೆವರು ಅಳೆಯೋ ಸೆನ್ಸರ್‌ಗಳನ್ನಿಟ್ಟು ಅವುಗಳ ಪಾಲನ್ನು ಕಳೆಯೋದು, ಉಳಿದದ್ದನ್ನು ಮೆಷಿನ್ ಲರ್ನಿಂಗಿಗೆ ಕೊಡೋದು, ಹೀಗೆ ಸಾಗಿದೆ ಕೆಲಸ.

ಬೇರೆ ದಾರಿಗಳೂ ಇವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಮೈಕ್ರೋವೇವ್ ಬಿಟ್ಟು ಬೆಳಕು ಮತ್ತು ಸದ್ದನ್ನು ಜೋಡಿಸೋ ವಿಧಾನ ಹಿಡಿದಿದೆ. ಲೇಸರ್ ಬೆಳಕು ಅಂಗಾಂಶಕ್ಕೆ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗಿ, ಕಿವಿಗೆ ಕೇಳದ ಸದ್ದು ಹೊರಡಿಸುತ್ತೆ. ಬೆಳಕಿನ ಅಲೆಯ ತಿರುವನ್ನು ಗ್ಲುಕೋಸ್ ಬದಲಿಸೋದರಿಂದ ಆ ಸದ್ದಿನಲ್ಲೂ ಗ್ಲುಕೋಸಿನ ಗುರುತು ಸಿಗುತ್ತೆ. ಇದು ಕೂಡ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಲ್ಯಾಬಿನವರು ಹಾಗಂತಲೇ ಹೇಳ್ತಾರೆ. ಸಮಸ್ಯೆ ಇರೋದು ಲ್ಯಾಬಿಗೂ ಜಾಹೀರಾತಿಗೂ ನಡುವಿನ ದೂರದಲ್ಲಿ.

ಯಾವಾಗಲೂ 105 ಅನ್ನೋ ಯಂತ್ರ

ಈಗ ಒಂದು ಆಟ. ಒಳಗೆ ಸೆನ್ಸರೇ ಇಲ್ಲದ ಒಂದು ಡಬ್ಬಿ ಮಾಡೋಣ. ಯಾರ ಕೈಗೆ ಕಟ್ಟಿದರೂ 105 ಅಂತ ಮಾತ್ರ ತೋರಿಸಬೇಕು. ಇದು ಎಷ್ಟು ನಿಖರ?

ಈ ಸಾಧನಗಳನ್ನು ಅಳೆಯೋಕೆ 1987ರಲ್ಲಿ ಬಂದ ಕ್ಲಾರ್ಕ್ ಎರರ್ ಗ್ರಿಡ್ ಅನ್ನೋ ಚೌಕಟ್ಟಿದೆ. ನಿಜವಾದ ಮೌಲ್ಯಕ್ಕೆ ಶೇ 20ರೊಳಗೆ ಇದ್ದರೆ 'ಎ' ವಲಯ, ಅಂದ್ರೆ ಪಾಸ್. ಸಕ್ಕರೆ ಕಾಯಿಲೆ ಇಲ್ಲದ ಆರೋಗ್ಯವಂತರ ಗ್ಲುಕೋಸ್ ದಿನದ ಬಹುಪಾಲು 80ರಿಂದ 130ರ ಆಚೀಚೆ ಆಡ್ತಿರುತ್ತೆ. ನಿಜವಾದ ಮೌಲ್ಯ 88ರಿಂದ 131ರ ಮಧ್ಯೆ ಎಲ್ಲೇ ಇದ್ದರೂ 105 ಅನ್ನೋ ನಮ್ಮ ಡಬ್ಬಿ ಪಾಸ್! ಆರೋಗ್ಯವಂತ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಪ್ರಯೋಗ ಮಾಡಿದರೆ ಖಾಲಿ ಡಬ್ಬಿಯೂ ಒಳ್ಳೆ ಮಾರ್ಕ್ಸ್ ತಗೊಳ್ಳುತ್ತೆ. ದೊಡ್ಡಮ್ಮನ ವಾಚ್ ಮಾಡ್ತಿದ್ದದ್ದೂ ಹೆಚ್ಚುಕಡಿಮೆ ಇದೇ.

ಇನ್ನೂ ಸೂಕ್ಷ್ಮವಾದ ಬಲೆಯೊಂದಿದೆ. ಗ್ಲುಕೋಸ್ ನೀರು ಕುಡಿಸಿ ಎರಡು ಗಂಟೆ ಅಳೆದರೆ ಶುಗರ್ ಏರಿ ಇಳಿಯುತ್ತೆ. ಅದೇ ಎರಡು ಗಂಟೆಯಲ್ಲಿ ಸೆನ್ಸರಿನ ಕೆಳಗಿನ ಚರ್ಮ ಬಿಸಿಯಾಗಿ ಬೆವರಿ ಆರಿದ್ದರೆ ಅದರ ರೇಖೆಯೂ ಏರಿ ಇಳಿಯುತ್ತೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು. ಎರಡು ರೇಖೆ ಹೊಂದಿದವು ಅಂತ ಪ್ರಬಂಧ ಬರುತ್ತೆ. ಮೆಷಿನ್ ಲರ್ನಿಂಗ್ ಸೇರಿದರೆ ಅಪಾಯ ಇನ್ನೂ ಹೆಚ್ಚು. ಒಬ್ಬನದೇ ಒಂದೇ ದಿನದ ಡೇಟಾದಿಂದ ಕಲಿಸಿ, ಅವನದೇ ಅದೇ ದಿನದ ಡೇಟಾದ ಮೇಲೆ ಪರೀಕ್ಷೆ ಮಾಡಿದರೆ ಅದು ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಪರೀಕ್ಷೆ.

ಹೀಗಾಗಿ ನೋಡಬೇಕಾದದ್ದು ತುದಿಗಳನ್ನು. 60 ಇದ್ದಾಗ 60 ಅನ್ನುತ್ತಾ? 320 ಇದ್ದಾಗ 320 ಅನ್ನುತ್ತಾ? ಜೀವ ಉಳಿಸೋದು ಅಥವಾ ತೆಗೆಯೋದು ಆ ತುದಿಗಳೇ. ಶುಗರ್ 60ಕ್ಕೆ ಇಳಿದು ಕೈ ನಡುಗ್ತಿರುವಾಗ ವಾಚ್ 200 ತೋರಿಸಿ, ಅದನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ? ಪ್ರಜ್ಞೆ ತಪ್ಪೋದು, ಕೋಮಾ, ಸಾವು. ಬೆರಳು ಚುಚ್ಚೋ ಮೀಟರುಗಳಿಗೆ ಇರೋ 2013ರ ಅಂತರರಾಷ್ಟ್ರೀಯ ಮಾನದಂಡ ಇನ್ನೂ ಬಿಗಿ. ನೂರರಲ್ಲಿ 95 ಓದುವಿಕೆಗಳು, 100ರ ಕೆಳಗಿದ್ದರೆ 15 ಮಿಲಿಗ್ರಾಂ ಒಳಗೆ, 100ರ ಮೇಲಿದ್ದರೆ ಶೇ 15ರ ಒಳಗೆ ಇರಬೇಕು. ಸೂಜಿ ಇಲ್ಲ ಅನ್ನೋ ಕಾರಣಕ್ಕೆ ಈ ಗೆರೆ ಸಡಿಲ ಮಾಡೋ ಹಾಗಿಲ್ಲ.

ಮೊದಲೂ ಕೈಸುಟ್ಟುಕೊಂಡಿದ್ದಾರೆ

ಈ ದಾರಿಯಲ್ಲಿ ದೊಡ್ಡ ದೊಡ್ಡವರೇ ಬಿದ್ದಿದ್ದಾರೆ. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 'ಗ್ಲುಕೋವಾಚ್' ಅನ್ನೋ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. ಸಣ್ಣ ವಿದ್ಯುತ್ ಹರಿಸಿ ಚರ್ಮದಿಂದ ದ್ರವ ಎಳೆದು ಅಳೆಯೋ ಯಂತ್ರ. ಚರ್ಮ ಕೆಂಪಾಗಿ ಉರಿಯುತ್ತಿತ್ತು, ಬೆವರು ಬಂದರೆ ಓದುವಿಕೆ ತಪ್ಪುತ್ತಿತ್ತು, ಬೆರಳು ಚುಚ್ಚೋದನ್ನಂತೂ ಬಿಡೋ ಹಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮಾಯವಾಯಿತು. 2014ರ ಜನವರಿಯಲ್ಲಿ ಗೂಗಲ್ ಕಣ್ಣೀರಿನಿಂದ ಗ್ಲುಕೋಸ್ ಅಳೆಯೋ ಕಾಂಟ್ಯಾಕ್ಟ್ ಲೆನ್ಸ್ ಪ್ರಕಟಿಸಿದಾಗ ಪ್ರಪಂಚವೇ ಚಪ್ಪಾಳೆ ತಟ್ಟಿತು. 2018ರ ನವೆಂಬರಿನಲ್ಲಿ ಆ ಕೆಲಸ ನಿಂತಿತು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬಬಹುದಾದಷ್ಟು ಹೊಂದಾಣಿಕೆ ಸಿಗಲಿಲ್ಲ ಅಂತ ಅದನ್ನು ನಡೆಸುತ್ತಿದ್ದ ವೆರಿಲಿ ಕಂಪನಿಯೇ ಒಪ್ಪಿಕೊಂಡಿತು.

2024ರ ಫೆಬ್ರವರಿಯಲ್ಲಿ ಎಫ್‌ಡಿಎ ಸಾರ್ವಜನಿಕವಾಗಿ ಎಚ್ಚರಿಕೆ ಕೊಟ್ಟಿತು: ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆ ಅನ್ನೋ ಯಾವ ಸ್ಮಾರ್ಟ್‌ವಾಚಿಗೂ, ಸ್ಮಾರ್ಟ್ ಉಂಗುರಕ್ಕೂ ನಾವು ಅನುಮತಿ ಕೊಟ್ಟಿಲ್ಲ, ಬಳಸಬೇಡಿ. ಇದರ ಮರುತಿಂಗಳೇ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಹುದಾದ ಮೊದಲ ನಿರಂತರ ಗ್ಲುಕೋಸ್ ಸೆನ್ಸರಿಗೆ ಅದು ಅನುಮತಿ ಕೊಟ್ಟಿತು. ಅದು ಚರ್ಮದೊಳಗೆ ತಂತು ಹೋಗೋ ಥರದ್ದು. ಅಂದ್ರೆ ಹೊಸದಕ್ಕೆ ಅಡ್ಡಗಾಲು ಅಂತಲ್ಲ, ಪುರಾವೆ ಇದ್ದದ್ದಕ್ಕೆ ಬಾಗಿಲು ತೆರೆಯಿತು, ಇಲ್ಲದ್ದಕ್ಕೆ ಇಲ್ಲ.

ಯಾರ ಮೈಮೇಲೆ ಪರೀಕ್ಷೆ ಮಾಡಿದಿರಿ?

ಇಲ್ಲಿಂದ ಮುಂದೆ ಇದು ಬರೀ ಎಂಜಿನಿಯರಿಂಗ್ ಅಲ್ಲ, ರಾಜಕಾರಣ ಕೂಡ.

ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ನೆನಪಿದೆಯಲ್ವಾ? 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಕರಣ ಬಿಳಿಯ ರೋಗಿಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಚರ್ಮದ ಬಣ್ಣ ಬೆಳಕಿನ ಲೆಕ್ಕ ತಪ್ಪಿಸುತ್ತಿತ್ತು. ದಶಕಗಳಿಂದ ಆಸ್ಪತ್ರೆಗಳಲ್ಲಿದ್ದ ಯಂತ್ರ ಅದು.

ಮೈಕ್ರೋವೇವಿಗೆ ಈ ದೋಷ ಇಲ್ಲ, ಅದಕ್ಕೆ ಚರ್ಮದ ಬಣ್ಣ ಕಾಣೋದೇ ಇಲ್ಲ. ಆದರೆ ಅದಕ್ಕೆ ಕೊಬ್ಬು ಕಾಣುತ್ತೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದ್ದರು. ಇಬ್ಬರದ್ದೂ ಎತ್ತರ-ತೂಕದ ಸೂಚ್ಯಂಕ (ಬಿಎಂಐ) ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡೋಕೆ ಸಣಕಲು, ಒಳಗೆ ಕೊಬ್ಬು. ನಮ್ಮ ಬಹಳಷ್ಟು ಜನರ ದೇಹ ಇದೇ ಥರ. ನಮ್ಮಲ್ಲಿ ಮಧುಮೇಹ ಇಷ್ಟು ಬೇಗ ಬರೋಕೂ ಇದೊಂದು ಕಾರಣ.

ಈಗ ಲೆಕ್ಕ ಕೂಡಿಸಿ. ಕೊಬ್ಬಿಗೂ ಸ್ನಾಯುವಿಗೂ ಹತ್ತು ಪಟ್ಟು ವ್ಯತ್ಯಾಸ ಕಾಣೋ ಒಂದು ಯಂತ್ರವನ್ನು ಯುರೋಪಿನ ಇಪ್ಪತ್ತು ಮೂವತ್ತು ಜನರ ಮೇಲೆ ಹೊಂದಿಸಿ ರಾಯಚೂರಿನ ಬಿಸಿಲಲ್ಲಿ ಕೆಲಸ ಮಾಡೋ ಹೆಣ್ಣುಮಗಳ ಕೈಗೆ ಕಟ್ಟಿದರೆ? ಬೇರೆ ಮೈ, ಬೇರೆ ಬಿಸಿ, ಬೇರೆ ಬೆವರು, ದುಡಿದು ದಪ್ಪಗಟ್ಟಿದ ಬೇರೆ ಅಂಗೈ. ಅಲ್ಲಿ ಅದು ಸರಿಯಾಗಿ ಅಳೆಯುತ್ತೆ ಅನ್ನೋದಕ್ಕೆ ಅಲ್ಲೇ ಮಾಡಿದ ಪರೀಕ್ಷೆಯ ಪುರಾವೆ ಬೇಕು. ಎಸಿ ರೂಮಿನ ಪುರಾವೆ ಸಾಲದು.

ಕಾನೂನು ಇದೆ, ಸಂದಿಯೂ ಇದೆ

ನಮ್ಮಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳಿವೆ. 2020ರ ಫೆಬ್ರವರಿಯ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರ ಎಲ್ಲ ವೈದ್ಯಕೀಯ ಸಾಧನಗಳನ್ನೂ ಔಷಧ ಕಾಯ್ದೆಯ ವ್ಯಾಪ್ತಿಗೆ ತಂದಿದೆ. ರೋಗ ಪತ್ತೆ, ನಿಗಾ ಇವಕ್ಕೆ ಬಳಸೋ ಸಾಫ್ಟ್‌ವೇರ್ ಕೂಡ ಅದರಲ್ಲಿ ಸೇರಿದೆ. ಪರವಾನಗಿ ನೋಡಿಕೊಳ್ಳೋಕೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಇದೆ. ಆದರೆ ಮಾರೋರು ಒಂದು ಸಂದಿ ಹುಡುಕಿಕೊಂಡಿದ್ದಾರೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ "ಶುಗರ್ ಮಾನಿಟರ್", ಡಬ್ಬಿಯ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ "ವೈದ್ಯಕೀಯ ಬಳಕೆಗಲ್ಲ". ನಮ್ಮ ದೊಡ್ಡಮ್ಮನಂಥವರಿಗೆ ಆ ಇರುವೆ ಅಕ್ಷರ, ಅದೂ ಇಂಗ್ಲಿಷಿನಲ್ಲಿ, ಯಾವ ರಕ್ಷಣೆ ಕೊಡುತ್ತೆ? ವೈದ್ಯಕೀಯ ಬಳಕೆಗಲ್ಲ ಅಂದಮೇಲೆ ಶುಗರ್ ನಂಬರ್ ತೋರಿಸೋದು ಮತ್ಯಾವ ಬಳಕೆಗೆ?

ಎರಡನೇ ಸಂದಿ ಡೇಟಾ. ಇಪ್ಪತ್ತನಾಲ್ಕು ಗಂಟೆ ಕೈಯಲ್ಲಿರೋ ಸೆನ್ಸರ್ ನೀವು ಏನು ತಿಂದಿರಿ, ಯಾವಾಗ ತಿಂದಿರಿ, ಮಾತ್ರೆ ತಪ್ಪಿಸಿದಿರಾ ಎಲ್ಲವನ್ನೂ ಊಹಿಸಬಲ್ಲದು. ಆರೋಗ್ಯ ವಿಮೆ ಮಾರೋರಿಗೆ, ಕೆಲಸ ಕೊಡೋರಿಗೆ ಇದಕ್ಕಿಂತ ರುಚಿಯಾದ ಮಾಹಿತಿ ಯಾವುದಿದೆ? 2011ರ ಐಟಿ ನಿಯಮಗಳು ಆರೋಗ್ಯದ ಮಾಹಿತಿಯನ್ನು 'ಸೂಕ್ಷ್ಮ ವೈಯಕ್ತಿಕ ಮಾಹಿತಿ' ಅಂತ ಪ್ರತ್ಯೇಕವಾಗಿ ಗುರುತಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗವೇ ಇಲ್ಲ. ನಿಮ್ಮ ಶುಗರ್ರೂ, ನಿಮ್ಮ ಫೋನ್ ನಂಬರೂ ಒಂದೇ ತಕ್ಕಡಿಯಲ್ಲಿ.

ಕೊಳ್ಳೋ ಮುಂಚೆ, ಶೇರ್ ಮಾಡೋ ಮುಂಚೆ

ಮೈಕ್ರೋವೇವ್ ಸೆನ್ಸರ್ ಬರಲೇಬಾರದು ಅಂತ ಈ ಬರಹದ ವಾದ ಅಲ್ಲ. ಬರಲಿ, ಬೇಗ ಬರಲಿ. ಬಂದಾಗ ಈ ಪ್ರಶ್ನೆಗಳಿಗೆ ಉತ್ತರ ಜೊತೆಗೆ ತರಲಿ: ಪರೀಕ್ಷೆಯಲ್ಲಿ ಮಧುಮೇಹಿಗಳು ಇದ್ದರಾ, ಬರೀ ಆರೋಗ್ಯವಂತರಾ? 70ರ ಕೆಳಗೆ, 250ರ ಮೇಲೆ ಎಷ್ಟು ಸರಿ ಹೇಳಿತು? ಲ್ಯಾಬಿನ ರಕ್ತ ಪರೀಕ್ಷೆಯ ಜೊತೆ ಹೋಲಿಸಿದಿರಾ? ಒಮ್ಮೆ ಹೊಂದಿಸಿದ ಮೇಲೆ ಎಷ್ಟು ದಿನ ಸರಿಯಾಗಿರುತ್ತೆ? ನಮ್ಮ ಜನರ ಮೈಮೇಲೆ, ನಮ್ಮ ಬಿಸಿಲಲ್ಲಿ ಪರೀಕ್ಷೆ ಆಯ್ತಾ? ಗ್ಲುಕೋಸ್ ಅಳೆಯೋದಕ್ಕೇ ಅಂತ ಪರವಾನಗಿ ಇದೆಯಾ? ಡೇಟಾ ಎಲ್ಲಿಗೆ ಹೋಗುತ್ತೆ? ಇಷ್ಟಕ್ಕೆ ನೇರ ಉತ್ತರ ಇಲ್ಲದಿದ್ದರೆ ಅದು ಟವೆಲ್ಲಿಗೂ ಶುಗರ್ ಇದೆ ಅನ್ನೋ ವಾಚೇ.

ಇನ್ನೊಂದು ಮಾತು. ಹೊಸ ಯಂತ್ರದ ಕನಸಿನಲ್ಲಿ ಹಳೇ ಸ್ಟ್ರಿಪ್ಪನ್ನು ಮರೆಯಬಾರದು. ಮನೆಬಾಗಿಲಲ್ಲೇ ಬಿಪಿ, ಶುಗರ್ ನೋಡೋ 'ಗೃಹ ಆರೋಗ್ಯ' ಯೋಜನೆ ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾಯಿತು. ಅಂಥ ಕಾರ್ಯಕ್ರಮದ ಜೀವ ಇರೋದು ಸ್ಟ್ರಿಪ್ ದಾಸ್ತಾನಿನಲ್ಲಿ, ಮನೆಮನೆಗೆ ನಡೆದು ಹೋಗೋ ಆಶಾ ಕಾರ್ಯಕರ್ತೆಯ ಗೌರವಧನದಲ್ಲಿ, ಟೆಸ್ಟ್ ಆದಮೇಲೆ ಮಾತ್ರೆ ಸಿಗೋದರಲ್ಲಿ. 1962ರ ತಂತ್ರಜ್ಞಾನ ಇನ್ನೂ ಎಲ್ಲರಿಗೂ ತಲುಪಿಲ್ಲ. ಅದನ್ನು ತಲುಪಿಸೋಕೆ ಯಾವ ಆವಿಷ್ಕಾರವೂ ಬೇಕಿಲ್ಲ, ಬಜೆಟ್ಟಿನಲ್ಲಿ ಒಂದು ಸಾಲು ಸಾಕು. ಅದನ್ನೂ ಕೇಳೋಣ.

ದೊಡ್ಡಮ್ಮ ಈಗ ಮತ್ತೆ ಬೆರಳು ಚುಚ್ಚಿಕೊಳ್ತಾರೆ. ತುದಿಯ ನಡುಮಧ್ಯಕ್ಕೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ ಅಂತ ನರ್ಸಮ್ಮ ಹೇಳಿಕೊಟ್ಟಿದ್ದಾರೆ. ವಾಚನ್ನು ಬಿಸಾಡಿಲ್ಲ, ಕೈಯಲ್ಲೇ ಇದೆ. ಟೈಮ್ ಸರಿಯಾಗಿ ತೋರಿಸುತ್ತಂತೆ.